ಹಳೇ ಬೀಟಲ್ಲೋ, ಮೊದಲ ತಲೆಮಾರಿನ ಗಾಲ್ಫೋ? ಎರಡನ್ನೂ ಬಿಚ್ಚಿ ನೋಡಿದವರು ಬನ್ನಿ

ಗ್ರೀಸ್‌ಕೈ:

ಫೋಕ್ಸ್‌ವ್ಯಾಗನ್ ಬೀಟಲ್ ಮತ್ತು 1974ರ ಗಾಲ್ಫ್, ಇವೆರಡರ ಮಾತು ಬಂದಾಗೆಲ್ಲ ಜನ ಎರಡು ಗುಂಪಾಗಿಬಿಡುತ್ತಾರೆ. ಒಂದು ಗುಂಪಿಗೆ ಬೀಟಲ್ ಅಂದ್ರೆ ಪ್ರಾಣ, ಗಾಲ್ಫ್ ಅಂದ್ರೆ ಚೌಕಾಕಾರದ ಡಬ್ಬ. ಇನ್ನೊಂದು ಗುಂಪಿಗೆ ಬೀಟಲ್ ಬರೀ ಸದ್ದು, ಗಾಲ್ಫ್ ಬಂದಮೇಲೇ ಸಣ್ಣ ಕಾರು ಅನ್ನೋದು ಸರಿಯಾಗಿದ್ದು. ನನಗೆ ಎರಡೂ ಇಷ್ಟ. ಎರಡರ ಇಂಜಿನ್ನನ್ನೂ ಕೆಳಗಿಳಿಸಿ, ಬಿಚ್ಚಿ, ಮತ್ತೆ ಜೋಡಿಸಿದ್ದೇನೆ. ಅದಕ್ಕೇ ಈ ಹೋಲಿಕೆಯನ್ನು ಸ್ವಲ್ಪ ನಿಧಾನವಾಗಿ ಮಾಡೋಣ ಅಂತ ಆಸೆ.

ಮೊದಲು ಒಂದು ಅಳತೆ ನೋಡಿ. ಬೀಟಲ್‌ನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2,400 ಮಿ.ಮೀ. ಮೊದಲ ಗಾಲ್ಫ್‌ನಲ್ಲೂ ಅಷ್ಟೇ, 2,400 ಮಿ.ಮೀ. ಆದರೆ ಬೀಟಲ್ ಉದ್ದ ನಾಲ್ಕು ಮೀಟರ್ ದಾಟುತ್ತದೆ, ಗಾಲ್ಫ್ ಸುಮಾರು 3.7 ಮೀಟರ್‌ಗೇ ಮುಗಿಯುತ್ತದೆ. ಒಂದು ಅಡಿಗಿಂತ ಜಾಸ್ತಿ ಗಿಡ್ಡ. ಆದರೂ ಹಿಂದಿನ ಸೀಟಲ್ಲಿ ಕೂತರೆ ಮೊಣಕಾಲಿಗೆ ಜಾಗ ಸಿಗುವುದು ಗಾಲ್ಫ್‌ನಲ್ಲಿ. ಹಿಂದಿನ ಬಾಗಿಲೆತ್ತಿ ಸೀಟು ಮಡಚಿದರೆ ಒಂದು ಸಣ್ಣ ಬೀರುವನ್ನೂ ತಳ್ಳಬಹುದು. ಬೀಟಲ್‌ನಲ್ಲಿ ಸಾಮಾನಿಗೆ ಎರಡು ಕಡೆ ಜಾಗ: ಮುಂದಿನ ಬಾನೆಟ್ ಕೆಳಗೆ ಒಂದಿಷ್ಟು, ಹಿಂದಿನ ಸೀಟಿನ ಬೆನ್ನಿಗೆ ಒಂದಿಷ್ಟು. ದೊಡ್ಡ ಪೆಟ್ಟಿಗೆ ಎಲ್ಲೂ ಹೋಗುವುದಿಲ್ಲ.

ಇದಕ್ಕೆ ಕಾರಣ ಇಂಜಿನ್ ಎಲ್ಲಿ ಕೂತಿದೆ ಅನ್ನೋದು, ಅಷ್ಟೇ. ಬೀಟಲ್‌ನಲ್ಲಿ ಅದು ಹಿಂದಿನ ಆಕ್ಸಲ್‌ಗೂ ಹಿಂದೆ, ಬಾಲದಲ್ಲಿ. ಗಾಲ್ಫ್‌ನಲ್ಲಿ ಮುಂದೆ, ಅಡ್ಡಡ್ಡವಾಗಿ, ಪಕ್ಕದಲ್ಲೇ ಗೇರ್‌ಬಾಕ್ಸ್. ನಾಲ್ಕು ಜನ ಕೂರುವ, ಸಾಮಾನ್ಯರ ಕೈಗೆಟುಕುವ ಸಣ್ಣ ಕಾರು ಮಾಡಬೇಕು ಅನ್ನೋ ಒಂದೇ ಪ್ರಶ್ನೆಗೆ 1930ರ ದಶಕದಲ್ಲಿ ಫರ್ಡಿನಾಂಡ್ ಪೋರ್ಶ ಕೊಟ್ಟ ಉತ್ತರ ಒಂದು, 1970ರ ದಶಕದಲ್ಲಿ ಅದೇ ಕಂಪನಿ ಕೊಟ್ಟ ಉತ್ತರ ಇನ್ನೊಂದು.

ನನ್ನ ಅಭಿಪ್ರಾಯ: ಓಡಿಸೋಕೆ ಗಾಲ್ಫ್, ಕೈಯಾರೆ ರಿಪೇರಿ ಕಲಿಯೋಕೆ ಬೀಟಲ್. ಒಪ್ಪದವರು ಕಾರಣ ಸಮೇತ ಬರೆಯಿರಿ.

ಏರ್‌ಕೂಲ್ಡ್:

ಓಡಿಸೋಕೆ ಗಾಲ್ಫ್ ಅಂದಿದ್ದನ್ನು ನಾನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ ಸರ್. ಬೀಟಲ್‌ನಲ್ಲಿ ರೇಡಿಯೇಟರ್ ಇಲ್ಲ, ವಾಟರ್ ಪಂಪ್ ಇಲ್ಲ, ನೀರಿನ ಹೋಸ್ ಇಲ್ಲ. ಕುದಿಯುವುದಕ್ಕೂ ಹೆಪ್ಪುಗಟ್ಟುವುದಕ್ಕೂ ನೀರೇ ಇಲ್ಲ ಅಂದಮೇಲೆ ಮರುಭೂಮಿ ಆದರೇನು, ಹಿಮ ಆದರೇನು? ಹಿಂದಿನ ಚಕ್ರಗಳ ಮೇಲೆ ಇಂಜಿನ್ ಭಾರ ಬಿದ್ದಿರುವುದರಿಂದ ಮಣ್ಣು, ಮರಳು, ಏರು ಎಲ್ಲಿ ಬೇಕಾದರೂ ಹಿಡಿತ ಸಿಗುತ್ತದೆ.

ಇನ್ನು ಇಂಜಿನ್ ಇಳಿಸುವ ಮಾತು. ಗೇರ್‌ಬಾಕ್ಸ್‌ಗೆ ಅದನ್ನು ಹಿಡಿದಿರುವುದು ನಾಲ್ಕೇ ಬೋಲ್ಟ್, ಮೇಲೆ ಎರಡು, ಕೆಳಗೆ ಎರಡು. ಪೆಟ್ರೋಲ್ ಪೈಪು, ಆಕ್ಸಲರೇಟರ್ ಕೇಬಲ್, ಹೀಟರ್ ಪೈಪು, ಕೆಲವು ವೈರು ತೆಗೆದು ಟ್ರಾಲಿ ಜ್ಯಾಕ್ ಕೊಟ್ಟರೆ ಇಂಜಿನ್ ಹಿಂದಕ್ಕೆ ಸರಿದು ಕೆಳಗೆ ಬರುತ್ತದೆ. ಎತ್ತಲು ಕ್ರೇನ್ ಬೇಡ. ಬೇರೆ ಯಾವ ಕಾರಿನಲ್ಲಿ ಇಷ್ಟು ಸಲೀಸು ಹೇಳಿ?

ಟೈಮಿಂಗ್‌ಬೆಲ್ಟ್:

ಏರ್‌ಕೂಲ್ಡ್ ಅವರೇ, ಇಂಜಿನ್ ಇಳಿಸುವುದು ಸುಲಭ ಅನ್ನೋದನ್ನು ಒಪ್ಪುತ್ತೇನೆ. ಆದರೆ ಪದೇ ಪದೇ ಇಳಿಸಬೇಕಾಗಿ ಬರುತ್ತದಲ್ಲ, ಅದನ್ನೂ ಹೇಳಿ.

ಮೂರನೇ ಸಿಲಿಂಡರ್ ವಿಷಯ ಎಲ್ಲರಿಗೂ ಗೊತ್ತಿರಬೇಕು. ಫ್ಯಾನ್ ಗಾಳಿ ಬರುವ ತಗಡಿನ ಗೂಡಿನೊಳಗೇ ಆಯಿಲ್ ಕೂಲರ್ ನಿಂತಿರುತ್ತದೆ, ಸರಿಯಾಗಿ ಮೂರನೇ ಸಿಲಿಂಡರ್‌ಗೆ ಹೋಗುವ ಗಾಳಿಯ ದಾರಿಯಲ್ಲಿ. ಆ ಸಿಲಿಂಡರ್‌ಗೆ ಸಿಗುವುದು ಕಡಿಮೆ ಗಾಳಿ, ಅದೂ ಬಿಸಿಯಾದ ಗಾಳಿ. ಎಕ್ಸಾಸ್ಟ್ ವಾಲ್ವ್ ಸುಟ್ಟುಹೋದ ಬೀಟಲ್ ಇಂಜಿನ್‌ಗಳಲ್ಲಿ ಹೆಚ್ಚಿನವು ಮೂರನೇ ಸಿಲಿಂಡರ್‌ನಲ್ಲೇ ಸುಟ್ಟಿರುತ್ತವೆ. 1971ರ ಮಾಡೆಲ್ ಹೊತ್ತಿಗೆ ಕೂಲರನ್ನು ಹೊರಗೆ ಸರಿಸಿ, ಅದಕ್ಕೆ ಬೇರೆಯದೇ ಗಾಳಿ ದಾರಿ ಕೊಟ್ಟರು. ಡಾಗ್‌ಹೌಸ್ ಅಂತ ಕರೆಯುವುದು ಅದನ್ನೇ. ಹಳೇ ಇಂಜಿನ್‌ಗೂ ಅದನ್ನು ಕೂರಿಸಬಹುದು, ಕೂರಿಸಬೇಕು ಕೂಡ.

ಇನ್ನೊಂದು, ಡೈನಮೋ ಮತ್ತು ಕೂಲಿಂಗ್ ಫ್ಯಾನ್ ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟ್. ಅದು ತುಂಡಾದರೆ ಚಾರ್ಜಿಂಗ್ ದೀಪ ಕೆಂಪಗೆ ಹೊತ್ತಿಕೊಳ್ಳುತ್ತದೆ. ಬೇರೆ ಕಾರಿನಲ್ಲಿ ಬ್ಯಾಟರಿ ಇರುವಷ್ಟು ದೂರ ಹೋಗೋಣ ಅಂದುಕೊಳ್ಳಬಹುದು. ಬೀಟಲ್‌ನಲ್ಲಿ ಆ ಕ್ಷಣವೇ ನಿಲ್ಲಿಸಬೇಕು. ಗಾಳಿ ನಿಂತರೆ ಇಂಜಿನ್ ಕಥೆ ಮುಗಿಯಿತು.

ಗಾಲ್ಫ್‌ನಲ್ಲಿ ರೇಡಿಯೇಟರ್‌ಗೆ ಎಲೆಕ್ಟ್ರಿಕ್ ಫ್ಯಾನ್, ಬೇಕಾದಾಗ ಮಾತ್ರ ತಿರುಗುತ್ತದೆ. ಎಲ್ಲ ಸಿಲಿಂಡರ್‌ಗೂ ಹೆಚ್ಚುಕಡಿಮೆ ಒಂದೇ ತಾಪ. ಇಂಜಿನನ್ನು ಬಿಗಿ ಅಳತೆಗೆ ಕಟ್ಟಬಹುದು, ಜಾಸ್ತಿ ಶಕ್ತಿ ತೆಗೆಯಬಹುದು. 1.1 ಲೀಟರ್‌ನ ಸಣ್ಣ ಗಾಲ್ಫ್‌ಗೇ 50 ಎಚ್‌ಪಿ. ಬೀಟಲ್ 1,584 ಸಿಸಿಗೆ ಬೆಳೆದಮೇಲೂ 50 ಎಚ್‌ಪಿಗೇ ನಿಂತಿತು. 1200 ಬೀಟಲ್‌ಗೆ 34.

ರಿವರ್ಸ್‌ಗೇರ್:

ಮಧ್ಯೆ ಬಂದು ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಬೀಟಲ್ ತಿರುವಿನಲ್ಲಿ ಅಪಾಯ ಅಂತ ಎಲ್ಲರೂ ಹೇಳುತ್ತಾರೆ. ನಿಜಾನಾ, ಅಥವಾ ಸುಮ್ನೆ ಒಬ್ಬರ ಬಾಯಿಂದ ಒಬ್ಬರಿಗೆ ಬಂದ ಮಾತಾ?

ಗ್ರೀಸ್‌ಕೈ:

ನಿಜ, ಆದರೆ ಎಲ್ಲ ಬೀಟಲ್‌ಗೂ ಅಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಳೇ ಬೀಟಲ್‌ನ ಹಿಂದಿನ ಆಕ್ಸಲ್ ಸ್ವಿಂಗ್ ಆಕ್ಸಲ್. ಗೇರ್‌ಬಾಕ್ಸ್ ಬದಿಯಲ್ಲಿ ಮಾತ್ರ ಒಂದು ಕೀಲು, ಚಕ್ರದ ಬದಿಯಲ್ಲಿ ಇಲ್ಲ. ಹಾಗಾಗಿ ಆಕ್ಸಲ್ ಮೇಲೆ ಕೆಳಗೆ ಆಡಿದ ಹಾಗೆ ಚಕ್ರವೂ ಓರೆಯಾಗುತ್ತದೆ. ವೇಗವಾಗಿ ತಿರುವಿಗೆ ಹೋಗಿ, ಹೆದರಿ ತಟ್ಟನೆ ಆಕ್ಸಲರೇಟರ್ ಬಿಟ್ಟಿರಿ ಅಂತಿಟ್ಟುಕೊಳ್ಳಿ. ಹಿಂಭಾಗ ಮೇಲೇಳುತ್ತದೆ, ಹೊರಗಿನ ಚಕ್ರ ಕಾರಿನ ಕೆಳಕ್ಕೆ ಮಡಚಿಕೊಳ್ಳುತ್ತದೆ, ಹಿಡಿತ ಹೋಗುತ್ತದೆ. ಇಂಜಿನ್ ಭಾರವೆಲ್ಲ ಹಿಂದೆ ಇರುವುದರಿಂದ ಬಾಲ ಮುಂದಕ್ಕೆ ಬರಲು ನೋಡುತ್ತದೆ. ಗೊತ್ತಿದ್ದವರು ತಿರುವಿಗೆ ಮೊದಲೇ ವೇಗ ಇಳಿಸಿ, ಒಳಗೆ ಮೆಲ್ಲಗೆ ಆಕ್ಸಲರೇಟರ್ ಕೊಡುತ್ತಾ ಹೋಗುತ್ತಾರೆ. ಟೈರ್ ಗಾಳಿಯೂ ಮುಂದಕ್ಕಿಂತ ಹಿಂದೆ ಜಾಸ್ತಿ ಇರಬೇಕು. ನಾಲ್ಕಕ್ಕೂ ಒಂದೇ ಸಮ ಗಾಳಿ ಹೊಡೆಸಿ ಕಾರು ಅಡ್ಡಾದಿಡ್ಡಿ ಹೋಗುತ್ತದೆ ಅನ್ನುವವರನ್ನು ನೋಡಿದ್ದೇನೆ.

ಆಮೇಲೆ ಬಂದ 1302 ಮತ್ತು 1303 ಅನ್ನೋ ಬೀಟಲ್ ಮಾಡೆಲ್‌ಗಳಲ್ಲಿ ಹಿಂದೆ ಎರಡೂ ಕಡೆ ಕೀಲಿರುವ ಆಕ್ಸಲ್, ಮುಂದೆ ತಿರುಚಿಕೊಳ್ಳುವ ಟಾರ್ಷನ್ ಬಾರ್ ಬದಲು ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಮ್ಯಾಕ್‌ಫರ್ಸನ್ ಸ್ಟ್ರಟ್. ಅವು ಬೇರೆಯದೇ ಕಾರು ಅನ್ನುವಷ್ಟು ನೆಟ್ಟಗೆ ಹೋಗುತ್ತವೆ. ಆದರೆ ಜೋರು ಅಡ್ಡಗಾಳಿ ಬಂದರೆ ಎಲ್ಲ ಬೀಟಲ್ಲೂ ಸ್ಟೀರಿಂಗ್ ಮೇಲೆ ಎರಡೂ ಕೈ ಕೇಳುತ್ತವೆ. ಭಾರ ಹಿಂದೆ, ಮೂತಿ ಹಗುರ, ಬೇರೆ ದಾರಿ ಇಲ್ಲ.

ಗಾಲ್ಫ್‌ನ ಹಿಂದಿನ ಆಕ್ಸಲ್ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಎರಡು ತೋಳು, ನಡುವೆ ತಿರುಚಿಕೊಳ್ಳುವ ಒಂದು ತೊಲೆ. ಅದೇ ತೊಲೆ ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಆಂಟಿ-ರೋಲ್ ಬಾರ್ ಕೆಲಸವನ್ನೂ ಮಾಡುತ್ತದೆ. ಜೋರಾಗಿ ತಿರುಗಿಸಿದರೆ ಒಳಗಿನ ಹಿಂಚಕ್ರ ನೆಲ ಬಿಟ್ಟು ಗಾಳಿಯಲ್ಲಿ ಎದ್ದಿರುತ್ತದೆ, ಜಿಟಿಐ (ಗಾಲ್ಫ್‌ನ ವೇಗದ ಮಾಡೆಲ್) ಫೋಟೋಗಳಲ್ಲಿ ನೋಡಿರುತ್ತೀರಿ. ನೋಡುವವರಿಗೆ ಭಯ, ಓಡಿಸುವವನಿಗೆ ಏನೂ ಅನ್ನಿಸುವುದಿಲ್ಲ. ಸ್ಟೀರಿಂಗ್ ರ‍್ಯಾಕ್ ಅಂಡ್ ಪಿನಿಯನ್, ಅಂದರೆ ಹಲ್ಲಿನ ಗಾಲಿ ಹಲ್ಲಿನ ಪಟ್ಟಿಯನ್ನು ಸರಿಸುವ ಜೋಡಣೆ. ಬ್ರೇಕ್ ಪೈಪನ್ನು ಎದುರುಬದುರು ಮೂಲೆಗಳಿಗೆ ಜೋಡಿಸಿದ್ದಾರೆ, ಮುಂದಿನ ಒಂದು ಚಕ್ರ ಮತ್ತು ಅದರ ಎದುರು ಮೂಲೆಯ ಹಿಂದಿನ ಚಕ್ರ ಒಂದು ಜೋಡಿ. ಒಂದು ಸಾಲು ಒಡೆದರೂ ಕಾರು ಹೆಚ್ಚು ಎಳೆಯದೆ ನಿಲ್ಲಬೇಕು ಅಂತ ಮುಂದಿನ ಚಕ್ರಗಳ ಜ್ಯಾಮಿತಿಯನ್ನೇ ಅದಕ್ಕೆ ತಕ್ಕಂತೆ ಇಟ್ಟಿದ್ದಾರೆ. ಅಗ್ಗದ ಕಾರಿಗೆ ಇಷ್ಟು ಯೋಚನೆ ಮಾಡಿದ್ದಾರಲ್ಲ, ಅದು ನನಗೆ ದೊಡ್ಡ ವಿಷಯ.

ಕ್ಲಚ್‌ಪ್ಲೇಟ್:

ಇಬ್ಬರೂ ಇಂಜಿನಿಯರಿಂಗ್ ಮಾತ್ರ ಮಾತಾಡುತ್ತಿದ್ದೀರಿ. ಗಾಲ್ಫ್ ಹುಟ್ಟಿದ್ದು ಎಂಥ ಹೊತ್ತಿನಲ್ಲಿ ಅನ್ನೋದೂ ಮುಖ್ಯ ಅಲ್ವಾ?

ಎರಡನೇ ಮಹಾಯುದ್ಧ ಮುಗಿದಾಗ ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್‌ನ ವೋಲ್ಫ್ಸ್‌ಬರ್ಗ್ ಕಾರ್ಖಾನೆ ಬಾಂಬಿಗೆ ಸಿಕ್ಕು ಹಾಳಾಗಿತ್ತು. ಅದನ್ನು ಎದ್ದು ನಿಲ್ಲಿಸಿದ್ದು ಬ್ರಿಟಿಷ್ ಸೇನೆಯ ಮೇಜರ್ ಐವನ್ ಹರ್ಸ್ಟ್. 1945ರ ಕೊನೆಯಲ್ಲಿ ಬೀಟಲ್ ತಯಾರಿಕೆ ಶುರುವಾಯಿತು. ಅಲ್ಲಿಂದ 1972ರ ಫೆಬ್ರುವರಿ 17ಕ್ಕೆ ಬೀಟಲ್ ಫೋರ್ಡ್ ಮಾಡೆಲ್ ಟಿಯ ದಾಖಲೆ ಮುರಿಯಿತು, ಒಂದೂವರೆ ಕೋಟಿಗೂ ಜಾಸ್ತಿ ಕಾರು. ಆದರೆ ಆ ಹೊತ್ತಿಗಾಗಲೇ ಕಂಪನಿಗೆ ಉಸಿರು ಕಟ್ಟುತ್ತಿತ್ತು. 1959ರಲ್ಲೇ ಬ್ರಿಟನ್ನಿನ ‘ಮಿನಿ’ ಕಾರು ಇಂಜಿನನ್ನು ಅಡ್ಡ ಇಟ್ಟು ತೋರಿಸಿತ್ತು. 1969ರ ಫಿಯಟ್ 128 ಅಡ್ಡ ಇಂಜಿನ್, ಅದರ ತುದಿಗೆ ಗೇರ್‌ಬಾಕ್ಸ್, ಅಂದರೆ ಇವತ್ತು ಹೆಚ್ಚಿನ ಸಣ್ಣ ಕಾರುಗಳಲ್ಲಿರುವ ಜೋಡಣೆಯನ್ನೇ ದೊಡ್ಡ ಮಟ್ಟದಲ್ಲಿ ಮಾರುತ್ತಿತ್ತು. ಫೋಕ್ಸ್‌ವ್ಯಾಗನ್ ಇನ್ನೂ ಗಾಳಿಯಲ್ಲಿ ತಣ್ಣಗಾಗುವ ಹಿಂದಿನ ಇಂಜಿನ್ನೇ ಹಿಡಿದು ಕೂತಿತ್ತು.

ಬೀಟಲ್ ಜಾಗಕ್ಕೆ ಅಂತ ಪೋರ್ಶ ಕಂಪನಿಯ ಕೈಲಿ ಇಎ266 ಅನ್ನೋ ಕಾರು ಮಾಡಿಸಿದರು, ಇಂಜಿನ್ ಹಿಂದಿನ ಸೀಟಿನ ಕೆಳಗೆ ಮಲಗಿತ್ತು! 1971ರಲ್ಲಿ ಅದನ್ನು ಕೈಬಿಟ್ಟರು. ದೊಡ್ಡ ಧೈರ್ಯದ ತೀರ್ಮಾನ ಅದು, ಖರ್ಚು ಮಾಡಿದ್ದೆಲ್ಲ ಹೋಯಿತು. ಕೊನೆಗೆ ಕೈಹಿಡಿದಿದ್ದು ಫೋಕ್ಸ್‌ವ್ಯಾಗನ್‌ ಕೈಯಲ್ಲೇ ಇದ್ದ ಆಡಿ ಕಂಪನಿ. ಅವರ ಹತ್ತಿರ ಮುಂದಿನ ಇಂಜಿನ್, ನೀರಿನ ಕೂಲಿಂಗ್, ಫ್ರಂಟ್ ವೀಲ್ ಡ್ರೈವ್ ಎಲ್ಲದರ ಅನುಭವ ಇತ್ತು. 1973ರ ಪಸ್ಸಾಟ್ ಹೆಚ್ಚುಕಡಿಮೆ ಆಡಿ 80ರದ್ದೇ ದೇಹ. ಗಾಲ್ಫ್‌ನ 1.5 ಲೀಟರ್ ಇಂಜಿನ್ ವಂಶವೂ ಆಡಿ 80ರಿಂದಲೇ ಬಂದಿದ್ದು. ಆಕಾರ ಕೊಟ್ಟವರು ಇಟಲಿಯ ಜೊರ್ಜೆತ್ತೊ ಜುಜಾರೊ. 1974ರಲ್ಲಿ ಗಾಲ್ಫ್ ಬಂತು, ಅದೇ ವರ್ಷ ಕಂಪನಿಗೆ 80 ಕೋಟಿ ಮಾರ್ಕ್‌ಗೂ ಜಾಸ್ತಿ ನಷ್ಟ. ಗಾಲ್ಫ್ ಬಿದ್ದಿದ್ದರೆ ಫೋಕ್ಸ್‌ವ್ಯಾಗನ್ ಕೂಡ ಬೀಳುತ್ತಿತ್ತು ಅನ್ನೋದು ನನ್ನ ನಂಬಿಕೆ. 1976ರ ಹೊತ್ತಿಗೆ ಹತ್ತು ಲಕ್ಷ ಗಾಲ್ಫ್ ಹೊರಬಂದಿದ್ದವು.

ಏರ್‌ಕೂಲ್ಡ್:

ಕ್ಲಚ್‌ಪ್ಲೇಟ್ ಅವರೇ, ಚೆನ್ನಾಗಿ ಬರೆದಿದ್ದೀರಿ. ಒಂದು ಮಾತು ಸೇರಿಸುತ್ತೇನೆ. ಗಾಲ್ಫ್ ಬಂದಮೇಲೂ ಬೀಟಲ್ ಸಾಯಲಿಲ್ಲ. ಮೆಕ್ಸಿಕೋದ ಪ್ಯೂಬ್ಲಾದಲ್ಲಿ 2003ರ ಜುಲೈ 30ರವರೆಗೂ ತಯಾರಾಗುತ್ತಲೇ ಇತ್ತು. ಒಟ್ಟು ಲೆಕ್ಕ 2,15,29,464. ಗಾಲ್ಫ್‌ನ ನಾಲ್ಕನೇ ತಲೆಮಾರು ಓಡಾಡುತ್ತಿದ್ದಾಗಲೂ ಹಳೇ ಬೀಟಲ್ ಹೊಸದಾಗಿ ಹುಟ್ಟುತ್ತಿತ್ತು.

ಟೈಮಿಂಗ್‌ಬೆಲ್ಟ್:

ಮೊದಲ ಗಾಲ್ಫ್ ಕೂಡ ಅಷ್ಟು ಬೇಗ ಹೋಗಲಿಲ್ಲ ಸರ್. ದಕ್ಷಿಣ ಆಫ್ರಿಕಾದಲ್ಲಿ ಸಿಟಿ ಗಾಲ್ಫ್ ಅನ್ನೋ ಹೆಸರಲ್ಲಿ 2009ರವರೆಗೂ ತಯಾರಾಯಿತು. ಆಯುಷ್ಯದ ವಿಷಯದಲ್ಲಿ ಎರಡೂ ಗಟ್ಟಿ.

ರಿವರ್ಸ್‌ಗೇರ್:

ಗ್ರೀಸ್‌ಕೈ ಸರ್, ಕಲಿಯೋಕೆ ಬೀಟಲ್ ಅಂದ್ರಲ್ಲ, ಒಂದು ಕೆಲಸ ತಗೊಂಡು ಎರಡರಲ್ಲೂ ಹೇಗೆ ಅಂತ ಹೇಳುತ್ತೀರಾ?

ಗ್ರೀಸ್‌ಕೈ:

ವಾಲ್ವ್ ಅಡ್ಜಸ್ಟ್ ಮಾಡುವುದನ್ನೇ ತಗೊಳ್ಳಿ.

ಬೀಟಲ್‌ನಲ್ಲಿ ಇಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿಯೆಲ್ಲ ನಿಂತಿದ್ದರೆ ಒಳ್ಳೆಯದು. ಕಾರಿನ ಪಕ್ಕ ಮಲಗಿದರೆ ಹಿಂದಿನ ಚಕ್ರದ ಹಿಂದೆ, ಇಂಜಿನ್‌ನ ಎರಡೂ ಬದಿಗೆ ಒಂದೊಂದು ವಾಲ್ವ್ ಕವರ್ ಕಾಣುತ್ತದೆ. ಅದನ್ನು ಹಿಡಿದಿರುವುದು ಬೋಲ್ಟ್ ಅಲ್ಲ, ಒಂದು ದಪ್ಪ ಕಂಬಿ. ಸ್ಕ್ರೂ ಡ್ರೈವರ್‌ನಿಂದ ಕಂಬಿಯನ್ನು ಕೆಳಕ್ಕೆ ಒತ್ತಿದರೆ ಕವರ್ ಕೈಗೆ ಬರುತ್ತದೆ, ಜೊತೆಗೆ ಸ್ವಲ್ಪ ಆಯಿಲ್ಲೂ. ಕೆಳಗೆ ತಟ್ಟೆ ಇಟ್ಟುಕೊಳ್ಳಿ. ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ತೆಗೆದು, ಕ್ರ್ಯಾಂಕ್ ಪುಲ್ಲಿಯನ್ನು ತಿರುಗಿಸುತ್ತಾ ರೋಟರ್ ಡಿಸ್ಟ್ರಿಬ್ಯೂಟರ್ ಅಂಚಿನ ಗೀಟಿಗೆ ಬರುವ ತನಕ ನೋಡಿ. ಪುಲ್ಲಿಯ ಗುರುತೂ ಇಂಜಿನ್ ಕೇಸಿನ ಎರಡು ಅರ್ಧ ಸೇರುವ ಗೆರೆಗೆ ಬಂದಿರಬೇಕು. ಅದು ಒಂದನೇ ಸಿಲಿಂಡರ್. ಲಾಕ್ ನಟ್ ಸಡಿಲ ಮಾಡಿ, ವಾಲ್ವ್ ತುದಿಗೂ ಅದನ್ನು ಒತ್ತುವ ತೋಳಿನ ಸ್ಕ್ರೂಗೂ ನಡುವಿನ ಗ್ಯಾಪ್‌ಗೆ ಫೀಲರ್ ಗೇಜ್‌ನ 0.15 ಮಿ.ಮೀ. ಎಲೆ ತೂರಿಸಿ, ಸ್ಕ್ರೂ ತಿರುಗಿಸಿ. ಎಲೆ ಎಳೆದರೆ ಸ್ವಲ್ಪ ಹಿಡಿದ ಹಾಗೆ ಬರಬೇಕು, ಸಿಕ್ಕಿಕೊಳ್ಳಬಾರದು. ನಟ್ ಬಿಗಿ ಮಾಡುವಾಗ ಸ್ಕ್ರೂ ಜೊತೆಗೆ ತಿರುಗಿಬಿಡುತ್ತದೆ, ಹಾಗಾಗಿ ಬಿಗಿ ಮಾಡಿದಮೇಲೆ ಇನ್ನೊಮ್ಮೆ ಎಲೆ ಹಾಕಿ ನೋಡಲೇಬೇಕು. ಆಮೇಲೆ ಪುಲ್ಲಿಯನ್ನು ಹಿಮ್ಮುಖವಾಗಿ ಅರ್ಧ ಸುತ್ತು. ಎರಡನೇ ಸಿಲಿಂಡರ್. ಹೀಗೇ ಮೂರು, ನಾಲ್ಕು. ಇಷ್ಟು ಮಾಡುವಷ್ಟರಲ್ಲಿ ಯಾವ ವಾಲ್ವ್ ಯಾವಾಗ ತೆರೆಯುತ್ತದೆ, ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) ಅಂದ್ರೇನು ಅನ್ನೋದು ತಲೆಗಿಂತ ಮೊದಲು ಬೆರಳಿಗೆ ಗೊತ್ತಾಗಿರುತ್ತದೆ.

ಒಂದು ಎಚ್ಚರಿಕೆ. ಎಕ್ಸಾಸ್ಟ್ ವಾಲ್ವ್‌ನ ಗ್ಯಾಪ್ ಪ್ರತಿ ಸಲ ಕಡಿಮೆಯಾಗುತ್ತಾ ಬರುತ್ತಿದ್ದರೆ, ವಾಲ್ವ್ ಹಿಗ್ಗುತ್ತಿದೆ ಅಥವಾ ಹೆಡ್‌ನಲ್ಲಿ ತಾನು ಕೂರುವ ಸೀಟಿನೊಳಕ್ಕೆ ಇಳಿಯುತ್ತಿದೆ ಅಂತ ಅರ್ಥ. ಸಿಲಿಂಡರ್ ಹೆಡ್ ತೆಗೆಯಿರಿ. ಸ್ಕ್ರೂ ತಿರುಗಿಸಿ ಸುಮ್ಮನಾಗಬೇಡಿ, ತಲೆ ಮುರಿದ ವಾಲ್ವ್ ಪಿಸ್ಟನ್ನನ್ನು ಪುಡಿ ಮಾಡುತ್ತದೆ.

ಗಾಲ್ಫ್‌ನ 1.5, 1.6 ಇಂಜಿನ್‌ನಲ್ಲಿ ವಾಲ್ವ್ ಒತ್ತುವ ಕ್ಯಾಮ್ ಮೇಲೆ ಇದೆ, ಬೆಲ್ಟ್‌ನಲ್ಲಿ ತಿರುಗುತ್ತದೆ. ಕ್ಯಾಮ್ ಕೆಳಗೆ ಬಟ್ಟಲಿನಂಥ ಟ್ಯಾಪೆಟ್, ಅದರ ನೆತ್ತಿಯಲ್ಲಿ ನಾಣ್ಯದಂಥ ಉಕ್ಕಿನ ಬಿಲ್ಲೆ. ಗ್ಯಾಪ್ ಸರಿ ಇಲ್ಲದಿದ್ದರೆ ವಿಶೇಷ ಟೂಲ್‌ನಿಂದ ಟ್ಯಾಪೆಟ್ ಒತ್ತಿ, ಬಿಲ್ಲೆ ತೆಗೆದು, ಬೇರೆ ದಪ್ಪದ್ದು ಹಾಕಬೇಕು. 0.05 ಮಿ.ಮೀ. ಅಂತರದಲ್ಲಿ ಬಿಲ್ಲೆಗಳು ಬರುತ್ತವೆ. ಬೇಕಾದ ಬಿಲ್ಲೆ ನಿಮ್ಮ ಹತ್ತಿರ ಇಲ್ಲದಿದ್ದರೆ ಕೆಲಸ ಅಲ್ಲಿಗೇ ನಿಂತಿತು. ಆದರೆ ಒಮ್ಮೆ ಕೂರಿಸಿದರೆ ಬಹಳ ದೂರ ಅದನ್ನು ಮುಟ್ಟಬೇಕಾಗುವುದಿಲ್ಲ. ಹೇಳಿದ್ದು ಇದನ್ನೇ: ಬೀಟಲ್ ಪದೇ ಪದೇ ಕೇಳುತ್ತದೆ, ಗಾಲ್ಫ್ ಅಪರೂಪಕ್ಕೆ ಕೇಳುತ್ತದೆ. ಕಲಿಯುವವನಿಗೆ ಮೊದಲನೆಯದು ಬೇಕು.

ತುಕ್ಕುಬೇಟೆ:

ಇಂಜಿನ್ ಬಗ್ಗೆ ಇಷ್ಟು ಮಾತಾಡಿ ತುಕ್ಕಿನ ಬಗ್ಗೆ ಯಾರೂ ಬಾಯೇ ಬಿಟ್ಟಿಲ್ಲ. ಹಳೇ ಕಾರು ಸಾಯುವುದು ಇಂಜಿನ್‌ನಿಂದ ಅಲ್ಲ, ತಗಡಿನಿಂದ.

ಬೀಟಲ್‌ನ ದೇಹ ಬೇರೆ, ನೆಲದ ಪ್ಯಾನ್ ಬೇರೆ. ಎರಡನ್ನೂ ಬೋಲ್ಟ್ ಹಾಕಿ ಸೇರಿಸಿದ್ದಾರೆ. ಇದು ದೊಡ್ಡ ಅನುಕೂಲ, ಪ್ಯಾನಿನ ಅರ್ಧ ಭಾಗ ಹೊಸದು ತಂದು ವೆಲ್ಡ್ ಮಾಡಬಹುದು. ಬ್ಯಾಟರಿ ಹಿಂದಿನ ಸೀಟಿನ ಕೆಳಗೆ ಇರುತ್ತದೆ, ಆ್ಯಸಿಡ್ ಬಿದ್ದು ಅಲ್ಲೇ ಮೊದಲು ತೂತು. ಆದರೆ ನಿಜವಾದ ತಲೆನೋವು ಹೀಟರ್ ಚಾನಲ್. ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಆ ಪೆಟ್ಟಿಗೆ ಬಿಸಿಗಾಳಿಯನ್ನೂ ಒಯ್ಯುತ್ತದೆ, ಕಾರಿನ ಭಾರವನ್ನೂ ಹೊರುತ್ತದೆ. ಅದು ಕೊಳೆತಿದ್ದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ. ಬಾಗಿಲು ತೆರೆದು ತುದಿ ಹಿಡಿದು ಮೇಲಕ್ಕೆತ್ತಿ ನೋಡಿ, ಹಿಂಜ್ ಗಟ್ಟಿ ಇದ್ದೂ ಕಂಬ ಅಲ್ಲಾಡಿದರೆ ದೊಡ್ಡ ಕೆಲಸ ಕಾದಿದೆ. ಹೀಟರಿಗೆ ಬರುವ ಗಾಳಿ ಎಕ್ಸಾಸ್ಟ್ ಸುತ್ತಲಿನ ಹೀಟ್ ಎಕ್ಸ್‌ಚೇಂಜರ್ ಹಾದು ಬರುತ್ತದೆ. ಅದು ತೂತಾಗಿದ್ದರೆ ಇಂಜಿನ್ ಹೊಗೆ ನೇರ ಕಾರಿನೊಳಗೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ. ಇದನ್ನು ಹಗುರವಾಗಿ ತಗೋಬೇಡಿ.

ಗಾಲ್ಫ್ ಒಂದೇ ತುಂಡಿನ ದೇಹ. ಪ್ಯಾನ್ ಬಿಚ್ಚುವ ಅನುಕೂಲ ಇಲ್ಲ. ಮುಂದಿನ ಗಾಜಿನ ಕೆಳಗೆ ಮಳೆನೀರು ಇಳಿಯುವ ತೊಟ್ಟಿ, ಬ್ಯಾಟರಿ ತಟ್ಟೆ, ಮುಂದಿನ ವಿಂಗ್, ಬಾಗಿಲ ಕೆಳಗಿನ ಸಿಲ್, ಪೆಟ್ರೋಲ್ ಹಾಕುವ ಕೊಳವೆ, ಇವು ಅದರ ಹುಣ್ಣುಗಳು. ಕೊಳವೆ ಒಳಗೆ ತುಕ್ಕು ಹಿಡಿದರೆ ಪುಡಿ ಟ್ಯಾಂಕಿಗೆ ಬೀಳುತ್ತದೆ. ಜಿಟಿಐನ ಪೆಟ್ರೋಲ್ ಸಿಂಪಡಿಸುವ ಕೆ-ಜೆಟ್ರಾನಿಕ್ ಇಂಜೆಕ್ಷನ್‌ಗೆ ಆ ಪುಡಿ ಅಂದರೆ ವಿಷ. ತೊಟ್ಟಿಯ ನೀರು ಫ್ಯೂಸ್ ಬಾಕ್ಸ್‌ಗೆ ಸೋರುವುದೂ ಸಾಮಾನ್ಯ. ಲೈಟು, ವೈಪರ್, ಹಾರ್ನ್ ಒಂದೊಂದು ದಿನ ಒಂದೊಂದು ಥರ ಆಡುತ್ತಿದ್ದರೆ ವೈರಿಂಗ್ ಬಿಚ್ಚುವ ಮೊದಲು ಅಲ್ಲಿ ಕೈಯಿಟ್ಟು ಒದ್ದೆ ಇದೆಯಾ ನೋಡಿ.

ಕ್ಲಚ್‌ಪ್ಲೇಟ್:

ಬಲಗಡೆ ಸ್ಟೀರಿಂಗ್ ಇರುವ ಗಾಲ್ಫ್ ಬ್ರೇಕ್ ಬಗ್ಗೆಯೂ ಹೇಳಿಬಿಡಿ. ಪೆಡಲ್ ಒತ್ತಿದ್ದಕ್ಕೆ ಬಲ ಕೂಡಿಸುವ ಬ್ರೇಕ್ ಸರ್ವೋ ಎಡಕ್ಕೇ ಉಳಿದಿದೆ, ಪೆಡಲಿನಿಂದ ಅಲ್ಲಿಗೆ ಅಡ್ಡಲಾಗಿ ಒಂದು ಕಂಬಿ ಹೋಗುತ್ತದೆ. ಕೀಲು ಸವೆದರೆ ಪೆಡಲ್ ಮೆತ್ತಗಾಗುತ್ತದೆ. ಗೇರ್ ಲಿಂಕೇಜ್ ಬುಷ್ ಸವೆದರೂ ಅಷ್ಟೇ, ಗೇರ್ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ಬುಷ್ ಬದಲಿಸಿದರೆ ಗೇರ್‌ಬಾಕ್ಸೇ ಹೊಸದಾದ ಹಾಗೆ ಅನ್ನಿಸುತ್ತದೆ.

ಹೊಸಚಾಲಕ:

ಎಲ್ಲ ಓದಿದೆ, ತುಂಬಾ ಉಪಯೋಗ ಆಯಿತು. ನನಗೆ ಮೊದಲ ಹಳೇ ಕಾರು. ವಾರಕ್ಕೊಮ್ಮೆ ಮನೆಯವರನ್ನು ಕೂರಿಸಿಕೊಂಡು ಹೋಗಬೇಕು. ಬೀಟಲ್ ನೋಡಿದರೆ ಮನಸ್ಸು ಕರಗುತ್ತದೆ, ಆದರೆ ನಾಲ್ಕು ಜನ ಅಂದಾಗ ಯೋಚನೆ.

ಟೈಮಿಂಗ್‌ಬೆಲ್ಟ್:

ನಾಲ್ಕು ಜನ ಅಂದರೆ ಗಾಲ್ಫ್, ಎರಡನೇ ಮಾತಿಲ್ಲ. ಬೀಟಲ್‌ನ ಪೆಟ್ರೋಲ್ ಟ್ಯಾಂಕ್ ಮುಂದೆ, ಡ್ರೈವರ್ ಕಾಲಿನ ಆಚೆ ಇದೆ. ಗಾಲ್ಫ್‌ನದ್ದು ಹಿಂದೆ, ಕೆಳಗೆ. ಎರಡೂ ಇವತ್ತಿನ ಕಾರಿನಷ್ಟು ಸುರಕ್ಷಿತ ಅಲ್ಲ, ಆದರೂ ಇವೆರಡರ ನಡುವೆ ವ್ಯತ್ಯಾಸ ದೊಡ್ಡದು. 1976ರ ಜಿಟಿಐ ಸಿಕ್ಕರೆ 1,588 ಸಿಸಿ, 110 ಎಚ್‌ಪಿ, ತೂಕ ಸುಮಾರು 810 ಕೆ.ಜಿ. ಮಾತ್ರ. ಆದರೆ ಮೊದಲ ಕಾರಿಗೆ ಅದು ಬೇಡ, ಸಾಮಾನ್ಯ 1.5 ತಗೊಳ್ಳಿ. ಡೀಸೆಲ್ ಆದರೆ ಮನೆಗೆ ತಂದ ಕೂಡಲೇ ಟೈಮಿಂಗ್ ಬೆಲ್ಟ್ ಬದಲಿಸಿ. ಅದು ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ.

ಏರ್‌ಕೂಲ್ಡ್:

ನಾಲ್ಕು ಜನ ಅಂದಿದ್ದರಿಂದ ನಾನೂ ಗಾಲ್ಫ್ ಅನ್ನುತ್ತೇನೆ. ಆದರೆ ಬೀಟಲ್‌ನಲ್ಲಿ ಒಂದು ದಿನ ಕೂತು ನೋಡಿ. ನೆಲದಿಂದ ಮೇಲೆದ್ದಿರುವ ಪೆಡಲ್‌ಗಳು, ಕೈಗೆಟುಕುವಷ್ಟು ಹತ್ತಿರದ ಗಾಜು, ಹಿಂದಿನಿಂದ ಬರುವ ಆ ಸದ್ದು. ಹಳೇ ಮಾಡೆಲ್‌ಗಳಲ್ಲಿ ಪೆಟ್ರೋಲ್ ಗೇಜೇ ಇರಲಿಲ್ಲ, ಇಂಜಿನ್ ತಡವರಿಸಿದರೆ ಕಾಲಿನ ಹತ್ತಿರದ ಹಿಡಿಕೆ ತಿರುಗಿಸಿ ರಿಸರ್ವ್‌ಗೆ ಹಾಕಬೇಕು. 1960ರ ದಶಕದವುಗಳಲ್ಲಿ ಗಾಜು ತೊಳೆಯುವ ನೀರಿಗೆ ಒತ್ತಡ ಸ್ಟೆಪ್ನಿ ಟೈರಿನಿಂದ ಬರುತ್ತಿತ್ತು! ಮೋಟರ್ ಇಲ್ಲ, ಏನಿಲ್ಲ, ಒಂದು ಪೈಪು ಅಷ್ಟೇ. ಇಂಥ ಉಪಾಯ ನೋಡಿದರೆ ಅದನ್ನು ಮಾಡಿದವರ ಮೇಲೆ ಗೌರವ ಬರುತ್ತದೆ.

ಗ್ರೀಸ್‌ಕೈ:

ಇದೇ ಕಾರಣಕ್ಕೆ 1990ರ ದಶಕದ ಕೊನೆಯಲ್ಲಿ ಬಂದ ನ್ಯೂ ಬೀಟಲ್ ನನ್ನ ಮನಸ್ಸಿಗೆ ಹತ್ತಲಿಲ್ಲ. ಮೇಲೆ ಬೀಟಲ್ ಆಕಾರ, ಕೆಳಗೆ ನಾಲ್ಕನೇ ಗಾಲ್ಫ್. ಹಿಂದೆ ಕೂತರೆ ತಲೆಗೆ ಜಾಗ ಕಡಿಮೆ. ಆಕಾರ ಉಳಿಯಿತು, ಜಾಗದ ಯೋಚನೆ ಹೋಯಿತು. ಹಳೇ ಬೀಟಲ್‌ನ ಕೆಲಸ ಮುಂದುವರಿಸಿದ್ದು ನನ್ನ ಕಣ್ಣಿಗೆ ಆ ಚೌಕ ಗಾಲ್ಫೇ.

ಹೊಸಚಾಲಕ ಅವರೇ, ಯಾವುದೇ ತಗೊಳ್ಳಿ, ಹಳೇ ಪೆಟ್ರೋಲ್ ಪೈಪುಗಳನ್ನು ಮೊದಲ ದಿನವೇ ಬದಲಿಸಿ. ಬೀಟಲ್‌ಗಳು ಬೆಂಕಿಗೆ ಹೋಗುವುದು ಹೆಚ್ಚಾಗಿ ಇಂಜಿನ್ ಮೇಲಿನ ಆ ಸಣ್ಣ ರಬ್ಬರ್ ಪೈಪು ಬಿರುಕು ಬಿಟ್ಟು. ಕ್ಲಿಪ್ ಹಾಕಿ, ಬರೀ ತೂರಿಸಿ ಬಿಡಬೇಡಿ.

ಹೊಸಚಾಲಕ:

ಧನ್ಯವಾದ ಎಲ್ಲರಿಗೂ. ಒಂದು 1.5 ಗಾಲ್ಫ್ ಕಣ್ಣಲ್ಲಿದೆ. ನೋಡಲು ಹೋಗುವಾಗ ಏನು ತಗೊಂಡು ಹೋಗಲಿ?

ತುಕ್ಕುಬೇಟೆ:

ಟಾರ್ಚ್, ಸಣ್ಣ ಆಯಸ್ಕಾಂತ, ಹಳೇ ಬಟ್ಟೆ. ಬರುತ್ತೇನೆ ಅಂತ ಹೇಳುವಾಗಲೇ, ನಾನು ಬರುವ ತನಕ ಇಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಕೇಳಿಕೊಳ್ಳಿ. ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ಆಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಸಿಲ್ ಉದ್ದಕ್ಕೂ ಎಳೆಯಿರಿ, ಹಿಡಿಯದ ಕಡೆ ಬಣ್ಣದ ಕೆಳಗೆ ಫಿಲ್ಲರ್ (ತೂತು ಮುಚ್ಚುವ ಲೇಪ) ಇದೆ. ಕಾರ್ಪೆಟ್ ಎತ್ತಿ ಮುಂದಿನ ಎರಡೂ ಮೂಲೆಗೆ ಕೈ ಹಾಕಿ. ಒದ್ದೆ ಇದ್ದರೆ ಫೋಟೋ ತೆಗೆದು ಇಲ್ಲಿ ಹಾಕಿ, ದುಡ್ಡು ಕೊಡುವ ಮೊದಲು ಎಲ್ಲರೂ ಒಟ್ಟಿಗೆ ನೋಡೋಣ.